ನನ್ನದು ಪ್ರಶ್ನೆಯಲ್ಲ, ಸಣ್ಣದೊಂದು ಅನಿಸಿಕೆ

ನಾಟಕ ನೋಡುವ ಊರುಗಳಲ್ಲೆಲ್ಲ ಇವರು ಇದ್ದಾರೆ. ಹೆಗ್ಗೋಡಿನಲ್ಲಿ ಇದ್ದಾರೆ, ಧಾರವಾಡದಲ್ಲಿ ಇದ್ದಾರೆ, ಬೆಂಗಳೂರಿನ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಇದ್ದಾರೆ. ಮೈಸೂರಿನಲ್ಲಿ ತುಸು ಹೆಚ್ಚಾಗಿಯೇ ಇದ್ದಾರೆ. ನಾಟಕ ಮುಗಿದು, ದೀಪ ಹತ್ತಿ, ಕಲಾವಿದರು ಸಾಲಾಗಿ ನಿಂತು ಕೈಮುಗಿದು, ‘ಈಗ ಪ್ರೇಕ್ಷಕರೊಂದಿಗೆ ಕಿರು ಸಂವಾದ’ ಎಂದು ನಿರೂಪಕಿ ಹೇಳಿ ಮುಗಿಸುವಷ್ಟರಲ್ಲಿ ಯಾರ ಬಲಗೈ ಮೇಲೆದ್ದಿರುತ್ತದೋ ಅವರೇ ಇವರು. ಮೈಕು ಕೈಗೆ ಬಂದ ಕೂಡಲೇ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ‘ನನ್ನದು ಪ್ರಶ್ನೆಯಲ್ಲ, ಸಣ್ಣದೊಂದು ಅನಿಸಿಕೆ’ ಎನ್ನುತ್ತಾರೆ. ಅನುಭವಸ್ಥರು ಅಷ್ಟು ಹೊತ್ತಿಗೆ ಬಾಗಿಲು ದಾಟಿರುತ್ತಾರೆ.

ನಮ್ಮ ಕಡೆ ಇಂಥವರೊಬ್ಬರನ್ನು ‘ಅನಿಸಿಕೆ ಮೇಷ್ಟ್ರು’ ಎಂದೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಪಿಂಚಣಿ ಕಾಗದಗಳಲ್ಲಷ್ಟೇ ಚಾಲ್ತಿಯಲ್ಲಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಖಾದಿ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಒಂದು ನೋಟ್‌ಬುಕ್ಕು, ಕತ್ತಲಲ್ಲಿ ಬರೆದುಕೊಳ್ಳಲು ಒಂದು ಸಣ್ಣ ಟಾರ್ಚು. ಕೂರುವ ಜಾಗ ಮೂರನೇ ಸಾಲಿನ ಮೊದಲ ಕುರ್ಚಿ. ಮುಂದಿನ ಎರಡು ಸಾಲು ಗಣ್ಯರಿಗೆ ಮೀಸಲಾದ್ದರಿಂದ ಅಲ್ಲಿಂದ ಎಬ್ಬಿಸುವ ಭಯವಿದೆ. ಹಿಂದೆ ಕೂತರೆ ಮೈಕು ತಲುಪುವುದು ತಡ. ಮೂರನೇ ಸಾಲಿನ ಓಣಿಬದಿಯ ಕುರ್ಚಿ ಈ ಎರಡೂ ತೊಂದರೆಗಳ ನಡುವೆ ಅವರು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡ ಮಧ್ಯಮಮಾರ್ಗ.

ಎಲ್ಲ ನಾಟಕವೂ ಮೇಷ್ಟ್ರಿಗೆ ಒಗ್ಗುವುದಿಲ್ಲ. ಪೌರಾಣಿಕ ನಾಟಕದಲ್ಲಿ ಅವರಿಗೆ ಕೆಲಸವೇ ಇಲ್ಲ. ದುರ್ಯೋಧನನ ತೊಡೆ ಯಾಕೆ ಮುರಿಯಿತು ಎಂಬುದು ಸಭಾಂಗಣದ ಹೊರಗೆ ಕಡಲೆಕಾಯಿ ಮಾರುವವನಿಗೂ ಗೊತ್ತು. ಕೈಲಾಸಂ ನಾಟಕವಾದರೆ ಜನ ಆಗಲೇ ನಕ್ಕುಬಿಟ್ಟಿರುತ್ತಾರೆ. ನಕ್ಕ ಮೇಲೆ ಯಾಕೆ ನಕ್ಕಿರಿ ಎಂದು ವಿವರಿಸುವುದು ಮೇಷ್ಟ್ರಿಗೂ ಕಷ್ಟ. ಅವರ ಹಸಿವು ಹಿಂಗಿಸುವುದು ಕತೆಗೂ ಮಾತಿಗೂ ತಲೆಬುಡ ಸಿಗದ ಅಸಂಗತ ನಾಟಕ ಒಂದೇ. ಅಲ್ಲಿ ಎಲ್ಲರೂ ಪಕ್ಕದವರ ಮುಖ ನೋಡುತ್ತಿರುತ್ತಾರೆ, ಪಕ್ಕದವರಾಗಿ ಮೇಷ್ಟ್ರು ಕೂತಿರುತ್ತಾರೆ.

ಅವರ ಅನಿಸಿಕೆ ಪ್ಯಾಸೆಂಜರ್ ರೈಲಿನ ಜಾತಿಯದು, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಹೊರಡುವುದು 1953ರ ಜನವರಿ 5ರಂದು, ಪ್ಯಾರಿಸ್ಸಿನ ಬ್ಯಾಬಿಲೋನ್ ರಂಗಮಂದಿರದಿಂದ. ಅಂದು ಅಲ್ಲಿ, ಬಾರದ ಗೋಡೋಗಾಗಿ ಇಬ್ಬರು ಕಾಯುತ್ತಲೇ ಇರುವ, ಸ್ಯಾಮ್ಯುಯೆಲ್ ಬೆಕೆಟ್ಟನ ಗೋಡೋ ನಾಟಕದ ಮೊದಲ ಪ್ರಯೋಗ. 1955ಕ್ಕೆ ಲಂಡನ್. ಅಲ್ಲಿ ಸ್ವಲ್ಪ ನೀರು ಕುಡಿದು, 1956ಕ್ಕೆ ಅಮೆರಿಕದ ಮಯಾಮಿ. ಅಲ್ಲಿ ನಾಟಕವನ್ನು ಎರಡು ಖಂಡಗಳನ್ನೇ ನಗಿಸಿದ್ದೆಂದು ಜಾಹೀರಾತು ಕೊಟ್ಟರಂತೆ. ನಗಲು ಬಂದವರಲ್ಲಿ ಬಹಳ ಮಂದಿ ಮಧ್ಯಂತರದ ಹೊತ್ತಿಗೆ ಕಾರು ಹತ್ತಿ ಹೊರಟೇಹೋದರು. ಮಯಾಮಿಯ ಆ ರಂಗಮಂದಿರದ ಹೆಸರು ಕೋಕೊನಟ್ ಗ್ರೋವ್ ಪ್ಲೇಹೌಸ್. ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ಏರುತ್ತದೆ. ಮೈಸೂರಿನ ಹವ್ಯಾಸಿ ತಂಡ ‘ಸಮತೆಂತೋ’ ಎಂದರೆ ಸರಸ್ವತಿಪುರಂ ಮಧ್ಯದ ತೆಂಗಿನ ತೋಪು. ‘ಅಲ್ಲೂ ತೆಂಗಿನ ತೋಪು, ಇಲ್ಲೂ ತೆಂಗಿನ ತೋಪು! ಇದು ಬರೀ ಕಾಕತಾಳೀಯವೇ?’ ಎಂದು ಸಭೆಯನ್ನು ಕೇಳುತ್ತಾರೆ. ಸಭೆ ಸುಮ್ಮನಿರುತ್ತದೆ. ಇದು ಅವರ ಸ್ವಂತ ಸಂಶೋಧನೆ, ಪಿಎಚ್‌.ಡಿ.ಗೆ ಸಾಲುತ್ತಿತ್ತು, ಮಾರ್ಗದರ್ಶಕರು ಒಪ್ಪಲಿಲ್ಲ.

ತೋಪಿನಿಂದ ಮುಂದೆ ರೈಲು ಕನ್ನಡನಾಡಿನಲ್ಲಿ ನಿಧಾನಕ್ಕೆ ಓಡುತ್ತದೆ. ಎನ್. ರತ್ನ ಅವರ ‘ಎಲ್ಲಿಗೆ’, ಲಂಕೇಶರ ‘ತೆರೆಗಳು’, ಚಂದ್ರಶೇಖರ ಪಾಟೀಲರ ‘ಕೊಡೆಗಳು’, ‘ಅಪ್ಪ’. ಒಂದೊಂದು ಹೆಸರು ಹೇಳಿದಾಗಲೂ ‘ನೀವೆಲ್ಲ ಆಗ ಹುಟ್ಟಿರಲಿಲ್ಲ’ ಎಂದು ವೇದಿಕೆಯ ಮಕ್ಕಳ ಕಡೆ ಬೆರಳು ತೋರಿಸುತ್ತಾರೆ. ಮಕ್ಕಳು ಹುಟ್ಟದೇ ಇದ್ದದ್ದಕ್ಕೆ ತಲೆ ತಗ್ಗಿಸುತ್ತಾರೆ. ಕೊನೆಯ ಸ್ಟೇಷನ್ನು 1969, ಬೆಕೆಟ್ಟನಿಗೆ ನೊಬೆಲ್. ಅಲ್ಲಿ ಇಳಿಯುವ ಪ್ರಯಾಣಿಕರು ಸಾಮಾನ್ಯವಾಗಿ ಮೇಷ್ಟ್ರೊಬ್ಬರೇ.

ಇನ್ನು ಕಾಲೇಜು ಹುಡುಗರು ಇಂಥ ನಾಟಕವನ್ನೇ ಯಾಕೆ ಎತ್ತಿಕೊಳ್ಳುತ್ತಾರೆ? ಮೇಷ್ಟ್ರ ಪ್ರಕಾರ, ಎರಡನೇ ಮಹಾಯುದ್ಧದ ನಂತರದ ಮನುಷ್ಯನನ್ನು ಕಾಡಿದ ಅನಾಥಪ್ರಜ್ಞೆ ಕಾರಣ. ನಾಟಕ ಸಂಘದ ಕಾರ್ಯದರ್ಶಿ ಹುಡುಗನ ಪ್ರಕಾರ ಬಜೆಟ್ಟು ಕಾರಣ. ಐತಿಹಾಸಿಕ ನಾಟಕವೆಂದರೆ ಕಿರೀಟ, ಕತ್ತಿ, ಸಿಂಹಾಸನ, ಸೈನಿಕರಿಗೆಲ್ಲ ಊಟ. ಗೋಡೋ ಆದರೆ ಪಾತ್ರಗಳು ಐದೇ, ಒಂದಿಷ್ಟು ಹ್ಯಾಟು, ಒಂದು ಮರ. ಮರಕ್ಕೆ ಮೊದಲ ಅಂಕದಲ್ಲಿ ಎಲೆಯೂ ಬೇಡ. ಎರಡನೇ ಅಂಕಕ್ಕೆ ನಾಲ್ಕೈದು ಎಲೆ ಅಂಟಿಸಿದರೆ ಆಯಿತು. ಇನ್ನೊಂದು ಅನುಕೂಲವೂ ಇದೆ. ಕುರುಕ್ಷೇತ್ರದಲ್ಲಿ ಮಾತು ಮರೆತರೆ ಸಿಳ್ಳೆ ಬೀಳುತ್ತದೆ, ಅಸಂಗತದಲ್ಲಿ ಮರೆತರೆ ಅಂಕ ಬೀಳುತ್ತದೆ. ತೀರ್ಪುಗಾರರಿಗೂ ಒಳಗೊಳಗೇ ಅಳುಕು: ಅರ್ಥವಾಗಲಿಲ್ಲ ಎಂದು ಕಡಿಮೆ ಅಂಕ ಹಾಕಿದರೆ, ಅರ್ಥವಾಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಈ ಸಲ ಹುಡುಗರು ಆರಿಸಿಕೊಂಡದ್ದು ಇನ್ನೊಬ್ಬ ಅಸಂಗತ ನಾಟಕಕಾರ ಅಯನೆಸ್ಕೊನ ‘ಕುರ್ಚಿಗಳು’. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ ನಾಟಕ. ಕತೆ ಎರಡೇ ಮಾತಿನದು. ನೀರಿನ ನಡುವಿನ ಒಂದು ಮನೆಯಲ್ಲಿ ತೊಂಬತ್ತೈದರ ಗಂಡ, ತೊಂಬತ್ತನಾಲ್ಕರ ಹೆಂಡತಿ. ಜಗತ್ತಿಗೆ ಹೇಳಬೇಕಾದ ಮಹಾಸಂದೇಶವೊಂದು ಮುದುಕನಲ್ಲಿದೆ. ಅದನ್ನು ಕೇಳಲು ಊರೆಲ್ಲ ಕರೆದಿದ್ದಾನೆ, ತನಗೆ ಮಾತು ಬಾರದೆಂದು ಭಾಷಣಕಾರನೊಬ್ಬನನ್ನು ಗೊತ್ತುಮಾಡಿದ್ದಾನೆ. ಅತಿಥಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಯಾರೂ ಕಣ್ಣಿಗೆ ಕಾಣುವುದಿಲ್ಲ. ಮುದುಕಿ ಓಡಿಯಾಡಿ ಒಬ್ಬೊಬ್ಬರಿಗೂ ಕುರ್ಚಿ ತಂದು ಹಾಕುತ್ತಾಳೆ. ಕೊನೆಗೆ ಚಕ್ರವರ್ತಿಯೂ ಬರುತ್ತಾನೆ, ಅವನೂ ಕಾಣುವುದಿಲ್ಲ. ಕಟ್ಟಕಡೆಗೆ ಭಾಷಣಕಾರ ಬರುತ್ತಾನೆ, ಅವನೊಬ್ಬ ಮಾತ್ರ ಕಾಣುತ್ತಾನೆ. ಇನ್ನು ಬಾಳು ಸಾರ್ಥಕವೆಂದು ಮುದುಕ ಮುದುಕಿ ಕಿಟಕಿಯಿಂದ ಹಾರಿಕೊಳ್ಳುತ್ತಾರೆ. ಭಾಷಣಕಾರ ಬಾಯಿ ತೆರೆದಾಗ ಗೊತ್ತಾಗುತ್ತದೆ, ಅವನು ಕಿವುಡ, ಮೂಗ.

ಎರಡೇ ಪಾತ್ರ, ಕೊನೆಯಲ್ಲೊಬ್ಬ ಮಾತಿಲ್ಲದವನು. ಖರ್ಚಿಲ್ಲದ ನಾಟಕವೆಂದು ಹುಡುಗರು ಕುಣಿದಾಡಿದರು. ಆಮೇಲೆ ನೋಡಿದರೆ ರಂಗದ ಮೇಲೆ ನಲವತ್ತರಷ್ಟು ಕುರ್ಚಿ ಬೇಕು. ಕಾಲೇಜಿನ ಸ್ವಂತ ಕುರ್ಚಿಗಳೆಲ್ಲ ಪರೀಕ್ಷೆಗೆಂದು ಮೇಲಿನ ಮಹಡಿ ಸೇರಿದ್ದವು. ಪ್ರೇಕ್ಷಕರಿಗೂ ಇಲ್ಲ, ಪಾತ್ರಗಳಿಗೂ ಇಲ್ಲ. ಕೊನೆಗೆ ಹತ್ತಿರದ ಶಾಮಿಯಾನ ಅಂಗಡಿಯಿಂದ ರಂಗಕ್ಕೂ ಸಭಾಂಗಣಕ್ಕೂ ಒಟ್ಟಿಗೇ ಬಾಡಿಗೆಗೆ ತಂದರು. ಎಲ್ಲವೂ ಒಂದೇ ಕೆಂಪು ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು. ಬೆನ್ನ ಮೇಲೆ ಬಿಳಿ ಪೇಂಟಿನಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, ಕೆಳಗೆ ‘ಶುಭವಾಗಲಿ’. ಮರುದಿನ ಬೆಳಗ್ಗೆ ಎಲ್ಲಿಯೋ ನಾಮಕರಣವಿದ್ದುದರಿಂದ ರಾತ್ರಿ ಎಂಟೂವರೆಗೆ ಕುರ್ಚಿ ವಾಪಸ್ಸು ಎಂಬುದು ಕರಾರು.

ಆರು ಗಂಟೆಯ ನಾಟಕ ಆರಕ್ಕೆ ಶುರುವಾಗಲಿಲ್ಲ. ಸಭಾ ಕಾರ್ಯಕ್ರಮ ಇತ್ತು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆಯುವುದು, ಹಾರ, ಶಾಲು, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ರಂಗಭೂಮಿ ಸಮಾಜದ ಕನ್ನಡಿ ಎಂದರು. ಅಧ್ಯಕ್ಷರು ಮುಖ್ಯ ಅತಿಥಿಗಳು ಹೇಳಿದ್ದನ್ನು ಅನುಮೋದಿಸಿದರು. ವಂದನಾರ್ಪಣೆಯಾದದ್ದೇ ತಡ, ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮವಿತ್ತು, ಅವರನ್ನು ಬೀಳ್ಕೊಡಲು ಪ್ರಾಂಶುಪಾಲರು ಹೋದರು, ಪ್ರಾಂಶುಪಾಲರ ಹಿಂದೆ ಆಡಳಿತ ಮಂಡಳಿ ಹೋಯಿತು. ವೇದಿಕೆಯ ಮೇಲೆ ಸಾಲಾಗಿ ಖಾಲಿ ಕುರ್ಚಿಗಳು, ಪ್ರತಿಯೊಂದರ ಮುಂದೆ ಮುಚ್ಚಳ ತೆಗೆಯದ ನೀರಿನ ಬಾಟಲಿ.

ಮೇಷ್ಟ್ರು ನನ್ನ ಮೊಣಕೈ ತಿವಿದರು. ‘ಶುರುವಾಯ್ತು ನೋಡಿ,’ ಎಂದು ಪಿಸುಗುಟ್ಟಿ ಟಾರ್ಚು ಹಚ್ಚಿದರು.

‘ಇಲ್ಲ ಮೇಷ್ಟ್ರೇ, ಇದಿನ್ನೂ ಸಭೆ.’

‘ಅಲ್ಲೇ ಇರೋದು ಸೊಗಸು. ಕಾಣದ ಗಣ್ಯರು! ಏನು ಆರಂಭ, ಏನು ಆರಂಭ!’

ಅವರು ಬರೆದುಕೊಂಡರು. ಹುಡುಗರು ಬಂದು ಬಾಟಲಿಗಳನ್ನು ಎತ್ತಿದಾಗ ಅದನ್ನೂ ಬರೆದುಕೊಂಡರು.

ನಾಟಕ ಶುರುವಾಯಿತು. ಮುದುಕಿಯಾಗಿದ್ದ ಹುಡುಗಿ ತಲೆಗೆ ಧಾರಾಳವಾಗಿ ಪೌಡರು ಸುರಿದುಕೊಂಡಿದ್ದಳು. ಓಡಿದಾಗಲೆಲ್ಲ ಹಿಂದೆ ಒಂದು ಸಣ್ಣ ಮಂಜು ಉಳಿಯುತ್ತಿತ್ತು. ಮುದುಕನ ಮೀಸೆ ಬೆವರಿಗೆ ಬಿಟ್ಟುಕೊಂಡು ಬಲಗಡೆಯಿಂದ ಜೋತಿತ್ತು. ಆದರೂ ಮಕ್ಕಳು ಚೆನ್ನಾಗಿ ಮಾಡುತ್ತಿದ್ದರು. ಬಾಗಿಲ ಗಂಟೆ ಬಾರಿಸುತ್ತದೆ, ಮುದುಕ ಬಾಗಿಲು ತೆರೆಯುತ್ತಾನೆ, ಯಾರೂ ಇಲ್ಲದ ಕಡೆಗೆ ಕೈಮುಗಿದು ‘ಬನ್ನಿ, ಬನ್ನಿ, ಪ್ರಯಾಣ ಸುಖವಾಗಿತ್ತೇ?’ ಎನ್ನುತ್ತಾನೆ, ಮುದುಕಿ ಕುರ್ಚಿ ತರುತ್ತಾಳೆ. ನೋಡನೋಡುತ್ತ ನಮಗೂ ಅಲ್ಲಿ ಯಾರೋ ಕೂತ ಹಾಗೆ ಕಾಣತೊಡಗಿತು.

ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಇದ್ದರು. ಮುದುಕಿಯ ಪಾತ್ರದ ಹುಡುಗಿ ಅವರ ಮೊಮ್ಮಗಳು. ಪಕ್ಕದಲ್ಲಿ ಚಿಕ್ಕ ಮೊಮ್ಮಗಳನ್ನು ಕೂರಿಸಿಕೊಂಡು ವಿಚಾರಿಸುತ್ತಿದ್ದರು.

‘ಈಗ ಯಾರೇ ಬಂದಿದ್ದು?’

‘ಮಿಲಿಟರಿ ಕರ್ನಲ್ಲು, ಅಜ್ಜಿ.’

‘ಎಲ್ಲೇ?’

‘ಕಾಣಲ್ಲ ಅಜ್ಜಿ.’

‘ಪೊರೆ ಆಪರೇಷನ್ ಆಗಿ ಆರು ತಿಂಗಳಾಯ್ತು. ಡಾಕ್ಟ್ರು ಎಲ್ಲಾ ಕಾಣುತ್ತೆ ಅಂದಿದ್ರು.’

ಮೇಷ್ಟ್ರು ಹಿಂದಿರುಗಿ ‘ಷ್’ ಎಂದರು. ಅಜ್ಜಿಯೂ ಅವರಿಗೆ ತಿರುಗಿ ‘ಷ್’ ಎಂದರು.

ಕರ್ನಲ್ಲನ್ನು ಕೂರಿಸಿದ ಮೇಲೆ ಮುದುಕನಿಗೆ ಮಾತು ಮರೆತುಹೋಯಿತು. ನಿಂತ. ಮುದುಕಿ ಅವನನ್ನು ನೋಡಿದಳು. ಅವನು ಕರ್ನಲ್ಲನನ್ನು ನೋಡಿದ. ಅಲ್ಲಿಂದ ಸಹಾಯ ಬರುವಂತಿರಲಿಲ್ಲ. ಸೈಡ್‌ವಿಂಗಿನಿಂದ ಪ್ರಾಂಪ್ಟರ್ ಹುಡುಗ ಹೇಳಿಕೊಟ್ಟ ಮಾತು ನಮಗೆಲ್ಲ ಕೇಳಿಸಿತು, ಅವನೊಬ್ಬನಿಗೆ ಕೇಳಿಸಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕೂತವರಂತೆ ತಲೆದೂಗುತ್ತ, ‘ಪಿಂಟರ್… ಪಿಂಟರ್…’ ಎಂದರು. ಆ ಇಂಗ್ಲಿಷ್ ನಾಟಕಕಾರನ ನಾಟಕಗಳಲ್ಲಿ ಮೌನಗಳು ಹೆಸರುವಾಸಿ. ಅವನು ಅವನ್ನು ಬರೆದು ಇಡುತ್ತಿದ್ದ, ನಮ್ಮ ಹುಡುಗನಿಗೆ ತಾನಾಗಿ ಒದಗಿಬಂದಿತ್ತು, ಅಷ್ಟೇ ವ್ಯತ್ಯಾಸ.

ಚಕ್ರವರ್ತಿಯ ಪ್ರವೇಶವನ್ನು ಮಾತ್ರ ಆ ಸಂಜೆ ನೋಡಿದವರು ಮರೆಯಲಾರರು. ಕಹಳೆ ಮೊಳಗಿತು. ಮುದುಕ ಮುದುಕಿ ಕುರ್ಚಿಗಳ ನಡುವೆ ತೂರಿಕೊಂಡು ಬಂದು, ಸಭಾಂಗಣದ ಪಕ್ಕದ ಬಾಗಿಲ ಕಡೆ ತಿರುಗಿ, ‘ಪ್ರಭುಗಳು ದಯಮಾಡಿಸಬೇಕು’ ಎಂದು ನಡು ಬಗ್ಗಿಸಿದರು. ಅದೇ ಹೊತ್ತಿಗೆ ಆ ಬಾಗಿಲು ತೆರೆಯಿತು. ಕೆಲಸ ಮುಗಿಸಿ ತಡವಾಗಿ ಬಂದ ಯಾವುದೋ ಹುಡುಗನ ತಂದೆ, ಕಂಕುಳಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಊಟದ ಡಬ್ಬಿಯ ಚೀಲ. ರಂಗದ ಮೇಲಿಂದ ಇಬ್ಬರು ವೃದ್ಧರು ತಮಗೆ ನಮಸ್ಕರಿಸುವುದನ್ನು ಕಂಡು ಗಾಬರಿಯಾಗಿ, ಡಬ್ಬಿಯ ಸಮೇತ ಪ್ರತಿನಮಸ್ಕಾರ ಮಾಡಿ, ಸಿಕ್ಕಿದ ಕುರ್ಚಿಯಲ್ಲಿ ಕೂತುಬಿಟ್ಟರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಮೇಷ್ಟ್ರ ಟಾರ್ಚಿನ ಬೆಳಕಲ್ಲಿ ನನಗೆ ಕಂಡ ಬರಹ: ‘ಹೆಲ್ಮೆಟ್: ಕಿರೀಟ. ಡಬ್ಬಿ: ಪ್ರಜೆಗಳ ಹಸಿವು.’

ನಾಟಕದ ಕೊನೆಯಲ್ಲಿ ಅಯನೆಸ್ಕೊ ಒಂದು ಉಪಾಯ ಮಾಡಿದ್ದಾನೆ. ಭಾಷಣಕಾರ ಏನೇನೋ ಸದ್ದು ಮಾಡಿ, ಕರಿಹಲಗೆಯ ಮೇಲೆ ತಲೆಬುಡವಿಲ್ಲದ ಅಕ್ಷರ ಗೀಚಿ ಹೊರಟುಹೋದ ಮೇಲೆ ರಂಗದಲ್ಲಿ ಬರೀ ಕುರ್ಚಿಗಳು ಉಳಿಯುತ್ತವೆ. ಆಗ ಮೊದಲ ಬಾರಿಗೆ ಆ ಕಾಣದ ಜನಸಂದಣಿಯ ಸದ್ದು ಕೇಳಬೇಕು: ಗುಜುಗುಜು, ನಗು, ಕೆಮ್ಮು. ಹುಡುಗರು ಅದನ್ನೆಲ್ಲ ರೆಕಾರ್ಡು ಮಾಡಿಟ್ಟಿದ್ದರು. ಸರಿಯಾಗಿ ಆ ಗಳಿಗೆಗೆ ಲ್ಯಾಪ್‌ಟಾಪು ಅಪ್‌ಡೇಟಿಗೆ ಕೂತಿತು. ಲ್ಯಾಪ್‌ಟಾಪು ಕೈಕೊಟ್ಟರೇನು, ಪ್ರೇಕ್ಷಕರು ಕೈಕೊಡಲಿಲ್ಲ. ಮುಗಿಯಿತೋ ಇಲ್ಲವೋ ತಿಳಿಯದೆ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಚಪ್ಪಾಳೆ ಶುರುಮಾಡಿ ಜೊತೆ ಸಿಗದೆ ನಿಲ್ಲಿಸಿದರು, ಎಲ್ಲಿಯೋ ಒಂದು ಮಗು ‘ಮನೆಗೆ ಹೋಗಣ’ ಎಂದಿತು, ಯಾರದೋ ಫೋನಿನಲ್ಲಿ ಭಕ್ತಿಗೀತೆ ಮೊಳಗಿತು. ನಾಟಕಕಾರ ಕೇಳಿದ್ದು ಒಂದೂ ಬಿಡದೆ ಸಿಕ್ಕಿತು.

ಆಮೇಲೆ ಸಂವಾದ. ನಿರ್ದೇಶಕ ಕೊನೆಯ ವರ್ಷದ ಬಿ.ಕಾಂ. ಹುಡುಗ, ಎರಡು ವಾರ ನಿದ್ದೆಗೆಟ್ಟ ಕಣ್ಣು. ಮೇಷ್ಟ್ರು ಎದ್ದು ನಿಂತು ಮೈಕು ತಟ್ಟಿದರು.

‘ನನ್ನದು ಪ್ರಶ್ನೆಯಲ್ಲ, ಸಣ್ಣದೊಂದು ಅನಿಸಿಕೆ. 1953ರ ಜನವರಿ 5…’

ರೈಲು ಹೊರಟಿತು. ಲಂಡನ್ ದಾಟಿತು. ಎರಡು ತೆಂಗಿನ ತೋಪುಗಳೂ ಬಂದು ಹೋದವು. ‘ಶುಭವಾಗಲಿ ಎಂಬ ಬರಹವನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದೀರಲ್ಲ, ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಮನುಷ್ಯನಿಗೆ ಹಾರೈಕೆ ಯಾವಾಗಲೂ ಬೆನ್ನ ಹಿಂದೆ! ಫೋನ್ ನಂಬರಿದೆ, ಕರೆ ಮಾಡುವವರಿಲ್ಲ!’ ಎಂದರು. ನಿರ್ದೇಶಕ ಬಾಯಿ ತೆರೆದ. ಪಕ್ಕದಲ್ಲಿದ್ದ ಕಾರ್ಯದರ್ಶಿ ಅವನ ಕಾಲು ತುಳಿದ. ನಿರ್ದೇಶಕ ಬಾಯಿ ಮುಚ್ಚಿ, ‘ಹೌದು ಸಾರ್, ಅದೇ ಕಾನ್ಸೆಪ್ಟು’ ಎಂದ. ಹುಡುಗ ಮುಂದೆ ಬರುತ್ತಾನೆ.

ಎಂಟೂವರೆಯಾಯಿತು. ಹೊರಗೆ ಟೆಂಪೋ ನಿಂತ ಸದ್ದಾಯಿತು. ಬನಿಯನ್ನು, ಬರ್ಮುಡಾ ಚಡ್ಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡ ಶಾಮಿಯಾನದ ಹುಡುಗ ನೇರ ರಂಗ ಹತ್ತಿದ. ಕಲಾವಿದರನ್ನಾಗಲಿ ಸಭೆಯನ್ನಾಗಲಿ ನೋಡದೆ ಕುರ್ಚಿಯ ಮೇಲೆ ಕುರ್ಚಿ ಪೇರಿಸತೊಡಗಿದ. ಹತ್ತು ಪೇರಿಸುವುದು, ಬೆರಳಿಂದ ಎಣಿಸುವುದು, ಎದೆಗೊತ್ತಿ ಹೊತ್ತು ಹೊರಗೆ ಒಯ್ಯುವುದು.

ಮೇಷ್ಟ್ರು ಮಾತು ನಿಲ್ಲಿಸಿದರು. ಅವರ ಅನಿಸಿಕೆ ನಡುವೆ ನಿಂತದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಬಾಗಿಲ ಹತ್ತಿರವಿದ್ದವರೂ ತಿರುಗಿ ನೋಡಿದರು.

‘ಆಹಾ!’ ಎಂದರು ಮೇಷ್ಟ್ರು. ‘ನಾಟಕ ಮುಗಿಯಿತು ಅಂದುಕೊಂಡಿದ್ದೆವಲ್ಲ, ನಾವೆಲ್ಲ ದಡ್ಡರು. ನೋಡಿ, ಸಂವಾದವೂ ನಾಟಕದ ಒಳಗೇ ಇದೆ! ಮುದುಕಿ ಜೀವಮಾನವಿಡೀ ತಂದು ಹಾಕಿದ್ದನ್ನು ಕಾಲಪುರುಷ ಬಂದು ಎತ್ತಿಕೊಂಡು ಹೋಗುತ್ತಿದ್ದಾನೆ. ಅವನ ಮುಖದಲ್ಲಿ ಒಂದು ಭಾವವಿಲ್ಲ, ನೋಡಿ. ಯಾರಪ್ಪ ಈ ನಟ? ಏನು ಸಂಯಮ!’

ಕಾಲಪುರುಷ ಕೆಳಗಿಳಿದು ಬಂದ. ರಂಗದ ಲೆಕ್ಕ ಮುಗಿದಿತ್ತು. ಮೂರನೇ ಸಾಲಿಗೆ ಬಂದು ಪೆನ್ಸಿಲಿನಿಂದ ತಲೆ ಕೆರೆದುಕೊಂಡ.

‘ಸಾರ್, ಒಂಚೂರು ಈ ಕಡೆ ಬರ್ತೀರಾ? ನಿಮ್ ಹಿಂದಿರೋದೂ ನಮ್ದೇ.’

ಮೇಷ್ಟ್ರು ಭಕ್ತಿಯಿಂದ ಸರಿದು ನಿಂತರು. ಅವರ ಕುರ್ಚಿಯೂ ಹೋಯಿತು. ಅಲ್ಲಿಂದ ಮುಂದೆ ಸಾಲು ಸಾಲಾಗಿ ಜನ ಎದ್ದರು. ಎದ್ದವರ ಕುರ್ಚಿ ಹೋಯಿತು. ಕುರ್ಚಿ ಹೋದವರು ಮನೆಗೆ ಹೋದರು. ಮೇಷ್ಟ್ರು 1969ರ ನೊಬೆಲ್ ತಲುಪಿದಾಗ ನಿರ್ದೇಶಕ, ಕಾರ್ಯದರ್ಶಿ, ಮೈಕಿನ ತಂತಿ ಸುತ್ತಲು ಕಾದಿದ್ದ ಹುಡುಗ, ಬಿಟ್ಟು ಹೋಗಲಾರದ ನಾನು, ಮೊಮ್ಮಗಳ ಪೌಡರು ತೊಳೆಯುವುದನ್ನು ಕಾಯುತ್ತಿದ್ದ ಅಜ್ಜಿ, ಇಷ್ಟೇ ಜನ. ಅಯನೆಸ್ಕೊನ ನಾಟಕದಲ್ಲಿ ಕುರ್ಚಿಗಳಿದ್ದವು, ಜನರಿರಲಿಲ್ಲ, ಭಾಷಣಕಾರನಿಗೆ ಮಾತು ಬರುತ್ತಿರಲಿಲ್ಲ. ಮೇಷ್ಟ್ರು ಅದನ್ನು ತಿದ್ದಿದರು: ಕುರ್ಚಿಯೂ ಇಲ್ಲ, ಜನರೂ ಇಲ್ಲ, ಮಾತು ಬೇಕಾದಷ್ಟು.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಮೇಷ್ಟ್ರಿಗೆ ಅನ್ಯಾಯವಾಗುತ್ತದೆ. ಆ ಸಂಜೆ ಅವರ ಹೊರತು ಹಣ ಕೊಟ್ಟು ಟಿಕೆಟು ಕೊಂಡವರು ಎಷ್ಟು ಮಂದಿ ಎಂದು ಕಾರ್ಯದರ್ಶಿಯನ್ನು ಕೇಳಿ ನೋಡಿ. ಉಳಿದವರೆಲ್ಲ ಅಪ್ಪ, ಅಮ್ಮ, ಸ್ನೇಹಿತರು, ಹಾಜರಾತಿಗೆ ಬಂದವರು. ಕನ್ನಡಿಯ ಬಗ್ಗೆ ಮಾತಾಡಿದ ಗಣ್ಯರು ಕನ್ನಡಿ ನೋಡದೆ ಹೋದರು. ಮೇಷ್ಟ್ರು ಆರಕ್ಕೆ ಮೊದಲೇ ಬಂದು, ಗಿಡಕ್ಕೆ ನೀರು ಬೀಳುವುದನ್ನೂ ನೋಡಿ, ಕೊನೆಯ ಕುರ್ಚಿ ಹೋಗುವವರೆಗೂ ನಿಂತಿದ್ದರು.

ಮೈಕು ಕಿತ್ತುಕೊಂಡ ಮೇಲೆ ಅವರು ಮಾಡಿದ ಕೆಲಸ ಇನ್ನೊಂದಿದೆ. ಚೌಕಿಗೆ ಹೋದರು. ಮಾತು ಮರೆತ ಮುದುಕ ಅಲ್ಲಿ ಮೂಲೆಯಲ್ಲಿ ಮೀಸೆ ಕಿತ್ತು ಕೈಯಲ್ಲಿ ಹಿಡಿದು ಅಳುಮುಖ ಮಾಡಿಕೊಂಡು ಕೂತಿದ್ದ. ಮೇಷ್ಟ್ರು ಅವನ ಪಕ್ಕದಲ್ಲಿ ಟ್ರಂಕಿನ ಮೇಲೆ ಕೂತರು. ‘ಲೋ ಮರಿ, ಇದೇ ಅಯನೆಸ್ಕೊನ ಮೊದಲ ನಾಟಕ 1950ರಲ್ಲಿ ಬಂತು. ರಿಹರ್ಸಲಿನಲ್ಲಿ ಒಬ್ಬ ನಟ ಒಂದು ಮಾತು ತಪ್ಪು ಹೇಳಿದ. ಬಾಯಿ ತಪ್ಪಿ ಬೋಳುತಲೆಯ ಗಾಯಕಿ ಅಂದುಬಿಟ್ಟ. ಅಯನೆಸ್ಕೊ ಅಲ್ಲೇ ಕೂತಿದ್ದ. ಇದೇ ನಾಟಕದ ಹೆಸರು ಅಂದ. ನಾಟಕದಲ್ಲಿ ಅಂಥ ಗಾಯಕಿಯೇ ಬರೋದಿಲ್ಲ ಕಣೋ! 1957ರಿಂದ ಪ್ಯಾರಿಸ್ಸಿನ ಒಂದು ಪುಟ್ಟ ಥಿಯೇಟರಿನಲ್ಲಿ ಅದೇ ಹೆಸರಿನಲ್ಲಿ ಆಡ್ತಾನೇ ಇದ್ದಾರೆ. ನಿನ್ನ ಮೌನ ಅದಕ್ಕಿಂತ ಚೆನ್ನಾಗಿತ್ತು.’ ಹುಡುಗ ಮೂಗೊರೆಸಿಕೊಂಡು ನಕ್ಕ. ಇದೊಂದು ಅನಿಸಿಕೆ ಒಂದೇ ನಿಮಿಷದಲ್ಲಿ ಮುಗಿಯಿತು, ಅದಕ್ಕೆ ಮೈಕೂ ಬೇಕಾಗಲಿಲ್ಲ.

ಹೊರಗೆ ಬಂದಾಗ ಅಜ್ಜಿ ಆಟೋಗೆ ಕಾಯುತ್ತಿದ್ದರು. ‘ಹೇಗಿತ್ತಮ್ಮ ನಾಟಕ?’ ಎಂದು ಮೇಷ್ಟ್ರು ಪರೀಕ್ಷಕರ ದನಿಯಲ್ಲಿ ಕೇಳಿದರು.

‘ಏನಪ್ಪಾ, ಅಷ್ಟು ಕುರ್ಚಿ ಹಾಕಿದ್ರೂ ಒಬ್ಬರೂ ಬರಲಿಲ್ಲ, ಪಾಪ,’ ಎಂದರು ಅಜ್ಜಿ. ‘ನಮ್ಮ ಯಜಮಾನ್ರ ಎಪ್ಪತ್ತನೇ ವರ್ಷದ ಶಾಂತೀಲೂ ಹಿಂಗೇ ಆಯ್ತು. ಅವತ್ತು ಮಳೆ.’

ಮೇಷ್ಟ್ರು ಬೆರಗಾದರು. ಈ ನಾಟಕದ ವಸ್ತು ಮುದುಕನ ಸಂದೇಶವೂ ಅಲ್ಲ, ಬಾಳಿನ ಸೋಲೂ ಅಲ್ಲ, ಆ ಖಾಲಿ ಕುರ್ಚಿಗಳೇ ಎಂದು ಅಯನೆಸ್ಕೊನೇ ತನ್ನ ನಿರ್ದೇಶಕನಿಗೆ ವಿವರಿಸಿ ಹೇಳಿದ್ದ. ‘ಅಮ್ಮಾ, ನೀವು ಕಾಮೂ ಓದಿದ್ದೀರಾ?’ ಎಂದು ಅಸಂಗತದ ತತ್ತ್ವ ಬರೆದ ಆ ಫ್ರೆಂಚ್ ಲೇಖಕನ ಹೆಸರೆತ್ತಿದರು.

‘ಇಲ್ಲಪ್ಪ, ಸುಧಾ ಓದ್ತಿದ್ದೆ. ಆಪರೇಷನ್ ಆದ ಮೇಲೆ ಅದೂ ಬಿಟ್ಟೆ.’

ಮೇಷ್ಟ್ರು ಸಂವಾದಗಳಲ್ಲಿ ತಪ್ಪದೆ ಹೇಳುವ ಕತೆಯೊಂದಿದೆ. 1957ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂಡವೊಂದು ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ 1,400 ಕೈದಿಗಳ ಮುಂದೆ ಗೋಡೋ ಆಡಿತು. ಪಂಡಿತರನ್ನು ಸತಾಯಿಸಿದ ನಾಟಕ ಕೈದಿಗಳಿಗೆ ಸಲೀಸಾಗಿ ದಕ್ಕಿತು; ಕಾಯುವುದು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1961ರಲ್ಲಿ ಈ ನಾಟಕಗಳ ಬಗ್ಗೆ ಪುಸ್ತಕ ಬರೆದ ಮಾರ್ಟಿನ್ ಎಸ್ಲಿನ್ ತನ್ನ ಮಾತನ್ನು ಈ ಸೆರೆಮನೆಯಿಂದಲೇ ಶುರುಮಾಡಿದ. ಮೇಷ್ಟ್ರಿಗೆ ಈ ಕತೆ ಬಾಯಿಪಾಠ. ಅದರ ನೀತಿ ಮಾತ್ರ ಪ್ರತಿ ಸಲವೂ ಅವರ ಹಿಂದಿನ ಸಾಲಿನಲ್ಲಿ ಕೂತು ಮನೆಗೆ ಹೋಗುತ್ತದೆ.

ಆದ್ದರಿಂದ ಕಾಲೇಜು ನಾಟಕ ತಂಡಗಳಿಗೆ ನನ್ನ ವಿನಂತಿ ಇಷ್ಟೇ. ಮೇಷ್ಟ್ರಿಗೆ ಹೆದರಿ ಸಂವಾದ ನಿಲ್ಲಿಸಬೇಡಿ. ಅವರನ್ನು ಕರೆಯಿರಿ, ಮೂರನೇ ಸಾಲಿನ ಕುರ್ಚಿ ಅವರಿಗೇ ಇರಲಿ, ಟಿಕೆಟಿನ ದುಡ್ಡು ತಪ್ಪದೆ ಇಸಕೊಳ್ಳಿ. ಮೈಕನ್ನು ಮೊದಲು ಹಿಂದಿನ ಸಾಲಿನ ಅಜ್ಜಿಗೆ ಕೊಡಿ, ಆಮೇಲೆ ಮೇಷ್ಟ್ರಿಗೆ. ಮತ್ತೆ ಕುರ್ಚಿ ಬಾಡಿಗೆಗೆ ತರುವಾಗ, ಸಂವಾದ ಶುರುವಾದ ಹದಿನೈದು ನಿಮಿಷಕ್ಕೆ ಸರಿಯಾಗಿ ಟೆಂಪೋ ಬರಬೇಕೆಂದು ಶಾಮಿಯಾನದವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಬಾಡಿಗೆ ಸ್ವಲ್ಪ ಹೆಚ್ಚು ಕೇಳಿದರೂ ಚೌಕಾಸಿ ಮಾಡಬೇಡಿ.